ನಬವಿಯ್ಯಳ ಹಾಲು ಕುಡಿದ ನ್ಯಾಯಾಧೀಶ

ಹಾಜಿ ಬಸ್ಯೂನಿಯ ತಾಯಿಯ ಎದೆಹಾಲು ಕುಡಿದ ಕೂಸೊಂದು ಒಂಬತ್ತನೇ ತಿಂಗಳಿಗೆ ತೊಟ್ಟಿಲಲ್ಲಿ ಎದ್ದು ಕೂತು, ಗಂಟಲು ಸರಿಮಾಡಿಕೊಂಡು, ನೆರೆಯ ಇಬ್ಬರು ಹೆಂಗಸರ ಬಾತುಕೋಳಿ ವ್ಯಾಜ್ಯಕ್ಕೆ ತೀರ್ಪು ಕೊಟ್ಟಿತು. ತೀರ್ಪು ಎಷ್ಟು ಚೊಕ್ಕವಾಗಿತ್ತೆಂದರೆ, ಸೋತವಳು ತಾನೇ ಬಾತಿನ ಪುಕ್ಕ ತರಿದು ಗೆದ್ದವಳ ಕೈಗಿಟ್ಟಳು. ಬಾತು ಕೂಡ ಮೇಲ್ಮನವಿ ಸಲ್ಲಿಸಲಿಲ್ಲ.

ಇದನ್ನು ಬಸ್ಯೂನಿ ಈಜಿಪ್ಟಿನ ನಬರೋ ಪಟ್ಟಣದ ಶಲಬಿಯ ಕಾಫಿ ಅಂಗಡಿಯಲ್ಲಿ, ಒಂದು ಹುಬ್ಬೂ ಅಲುಗಿಸದೆ ಹೇಳುತ್ತಿದ್ದ.

"ಆಮೇಲೆ ಬಾತು ಏನಾಯ್ತು ಹಾಜಿ?" ಎಂದು ಶಲಬಿ ಹುಕ್ಕಾದ ಕೆಂಡ ಊದುತ್ತಾ ಕೇಳುತ್ತಿದ್ದ.

"ಏನಾಗತ್ತೆ? ಗೆದ್ದೋಳು ಖುಷಿಗೆ ನಮ್ಮನೆಗೇ ಕಳಿಸಿದ್ಲು. ನಮ್ಮಮ್ಮ ಸೊಪ್ಪಿನ ಜೊತೆ ಬೇಯಿಸಿದ್ಲು. ನ್ಯಾಯಾಧೀಶರಿಗೆ ಇನ್ನೂ ಹಲ್ಲು ಬಂದಿರ್ಲಿಲ್ಲ ನೋಡು, ಅವರ ಪಾಲೂ ನಾನೇ ತಿಂದೆ."

"ಆಗ ನಿಂಗೂ ಒಂಬತ್ತೇ ತಿಂಗಳಲ್ವೇನೋ?"

"ನಂಗೆ ಹುಟ್ಟುವಾಗ್ಲೇ ಹಲ್ಲಿತ್ತು ಕಣೋ! ಸೂಲಗಿತ್ತಿ ಬೆರಳು ಕಚ್ಚಿಸ್ಕೊಂಡು ಓಡಿಹೋದೋಳು ಇನ್ನೂ ವಾಪಸ್ ಬಂದಿಲ್ಲ."

ಬಸ್ಯೂನಿಯದು ಫಸೀಖ್ ಅಂಗಡಿ. ಬೂರಿ ಮೀನನ್ನು ಉಪ್ಪಿನಲ್ಲಿ ಹೂತು, ಪೀಪಾಯಿಯಲ್ಲಿ ಮಾಗಿಸಿ, ವಸಂತದ ಹಬ್ಬಕ್ಕೆ ಹೊರತೆಗೆಯುವ ಕೆಲಸ. ಅವನು ಒಂದು ಪೀಪಾಯಿಯ ಮುಚ್ಚಳ ಎತ್ತಿದರೆ ನದಿಯಾಚೆಯ ಬೆಕ್ಕುಗಳು ಸಂಸಾರ ಸಮೇತ ಈಜಿ ಬರುತ್ತಿದ್ದವು. ಸತ್ತು ಮಲಗಿದ್ದ ಫೇರೋಗಳಿಗೆ ಹಸಿವಾಗುತ್ತಿತ್ತು. ಊರಿನವರು ಅವನ ಮೀನನ್ನು ನಂಬಿ ತಿನ್ನುತ್ತಿದ್ದರು, ಮಾತನ್ನು ಮಾತ್ರ ಮುಳ್ಳು ತೆಗೆದು ಪಕ್ಕಕ್ಕಿಡುತ್ತಿದ್ದರು.

ಆದರೆ ಆ ಮಾತಿನ ರಾಶಿಯನ್ನು ಜಾಲಾಡಿದರೆ ತಳದಲ್ಲಿ ಒಂದು ಕಾಳು ನಿಜ ಇತ್ತು. ಪಕ್ಕದ ಮನೆಯ ಮುನೀರ್ ಮಾಸ್ತರರ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ, ಮೀನು ಮಾರುವ ನಬವಿಯ್ಯ ತನ್ನ ಕೂಸನ್ನು ಒಂದು ಮಗ್ಗುಲಿಗೆ ಹಾಕಿಕೊಂಡು, ಆ ತಬ್ಬಲಿಯನ್ನು ಇನ್ನೊಂದು ಮಗ್ಗುಲಿಗೆ ಎತ್ತಿಕೊಂಡಿದ್ದಳು. ತನ್ನ ಕೂಸು ಬಸ್ಯೂನಿ. ತಬ್ಬಲಿ ರಿಫ್‌ಅತ್. ಎರಡು ವರ್ಷ ಇಬ್ಬರೂ ಒಂದೇ ಹಾಲು ಕುಡಿದರು. ಹಾಗೆ ಕುಡಿದವರು ಧರ್ಮದ ಲೆಕ್ಕದಲ್ಲಿ ಒಡಹುಟ್ಟಿದವರೇ. ಬಸ್ಯೂನಿಯ ತಂಗಿಯರಲ್ಲಿ ಒಬ್ಬಳನ್ನೂ ರಿಫ್‌ಅತ್ ಮದುವೆಯಾಗುವಂತಿರಲಿಲ್ಲ.

ಆ ರಿಫ್‌ಅತ್ ಮುಂದೆ ನ್ಯಾಯಾಧೀಶನಾದ. ಅವನು ಮೇಲೆ ಏರಿದ ಒಂದೊಂದು ಮೆಟ್ಟಿಲನ್ನೂ ಬಸ್ಯೂನಿ ಶಲಬಿಯ ಅಂಗಡಿಯಲ್ಲಿ ಒಂದೊಂದು ಗೋಪುರ ಮಾಡಿ ನಿಲ್ಲಿಸುತ್ತಿದ್ದ.

ಸೆಕೆಂಡರಿ ಪರೀಕ್ಷೆಯಲ್ಲಿ ರಿಫ್‌ಅತ್ ಇಡೀ ಈಜಿಪ್ಟಿಗೇ ಮೊದಲಿಗನಾಗಿ ಬಂದ, ಉತ್ತರ ಪತ್ರಿಕೆ ನೋಡಿ ಮಂತ್ರಿಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟರು ಎಂದು ಬಸ್ಯೂನಿ ಹೇಳುತ್ತಿದ್ದ. ನಿಜವೇನೆಂದರೆ, ರಿಫ್‌ಅತ್ ಚೆನ್ನಾಗಿಯೇ ಪಾಸಾಗಿ ಕಾನೂನು ಕಾಲೇಜು ಸೇರಿದ. ವಾರಸುದಾರಿಕೆಯ ಪಾಲುಗಳ ಲೆಕ್ಕ ತಲೆಗೆ ಹತ್ತದೆ ಒದ್ದಾಡುತ್ತಿದ್ದಾಗ ಅದನ್ನು ಬಿಡಿಸಿಕೊಟ್ಟದ್ದು ನಬವಿಯ್ಯಳ ಮೀನು ಹಲಗೆ.

"ಯಾರು ಸತ್ರು?" ಎಂದು ಅವಳು ಚೂರಿ ಎತ್ತುತ್ತಿದ್ದಳು.

"ಗಂಡ ಸತ್ತ ಅಮ್ಮಾ. ಹೆಂಡ್ತಿ ಇದಾಳೆ, ಒಬ್ಬ ಮಗ, ಒಬ್ಳು ಮಗಳು."

"ಹೆಂಡ್ತಿಗೆಷ್ಟು?"

"ಎಂಟನೇ ಪಾಲು."

"ಬಾಲ ಅವಳಿಗೆ ಹೋಯ್ತು. ಉಳಿದದ್ದು?"

"ಮಗನಿಗೆ ಎರಡು, ಮಗಳಿಗೆ ಒಂದು."

ಅವಳು ಕತ್ತರಿಸುತ್ತಾ ಹೋಗುತ್ತಿದ್ದಳು, ಅವನು ಹೇಳುತ್ತಾ ಹೋಗುತ್ತಿದ್ದ, ಬಸ್ಯೂನಿ ಪಕ್ಕದಲ್ಲಿ ಕೂತು ವಾರಸುದಾರರನ್ನೆಲ್ಲ ಒಬ್ಬೊಬ್ಬರಾಗಿ ತಿಂದುಹಾಕುತ್ತಿದ್ದ. "ಹೀಗೇ ಆದ್ರೆ ಕೋರ್ಟಿಗೆ ಯಾರೂ ಬರಲ್ಲ ಬಿಡು," ಎಂದು ನಬವಿಯ್ಯ ನಗುತ್ತಿದ್ದಳು. ರಿಫ್‌ಅತ್ ಬಾಯ್ತುಂಬ ನಕ್ಕದ್ದನ್ನು ಬಸ್ಯೂನಿ ಕಂಡದ್ದು ಆ ಹಲಗೆಯ ಮುಂದೆಯೇ.

ಪದವಿ ಮುಗಿಯಿತು. ನ್ಯಾಯಾಧೀಶನಾಗಬೇಕಾದವನು ಮೊದಲು ಸರ್ಕಾರಿ ಅಭಿಯೋಜಕನಾಗಬೇಕು. ಅದಕ್ಕೆ ಅಂಕ ಸಾಲದು. ಮನೆತನ ಎಂಥದ್ದು, ಸಂಬಂಧಿಕರು ಯಾರು, ಏನು ಮಾಡುತ್ತಾರೆ ಎಂದು ಯಾರೋ ಬಂದು ಬೀದಿಯಲ್ಲಿ ವಿಚಾರಿಸಿಕೊಂಡು ಹೋಗುತ್ತಾರೆ. ಮುನೀರ್ ಮಾಸ್ತರರು ತಮ್ಮ ಒಂದೇ ಕೋಟನ್ನು ಮತ್ತೆ ಮತ್ತೆ ಇಸ್ತ್ರಿ ಮಾಡಿಸಿಕೊಂಡು ಕಾದರು. ನಬವಿಯ್ಯ ತನ್ನ ಮಗನನ್ನು ಒಳಗೆ ಕರೆದಳು.

"ಯಾರಾದ್ರೂ ಬಂದು ಕೇಳಿದ್ರೆ ರಿಫ್‌ಅತ್ ಮಾಸ್ತರ ಮಗ. ಅಷ್ಟೇ. ನಮ್ಗೂ ಅವನಿಗೂ ಏನೂ ಇಲ್ಲ."

"ಯಾಕಮ್ಮಾ? ನಾನು ಅವನ ಅಣ್ಣ ಅಲ್ವಾ?"

"ನನ್ನ ಕೈ ಮೂಸಿ ನೋಡು."

ಅವನು ಮೂಸಿದ. ಅವಳು ಎಷ್ಟು ನಿಂಬೆಹಣ್ಣು ಉಜ್ಜಿದರೂ ಹೋಗದ ವಾಸನೆ.

"ಇದು ಅವನ ಕುರ್ಚಿಗೆ ಅಂಟೋದು ಬೇಡ," ಎಂದಳು ನಬವಿಯ್ಯ. "ಕುಡಿದ ಹಾಲು ಹೊಟ್ಟೆ ಒಳಗಿದೆ, ಯಾರಿಗೂ ಕಾಣಲ್ಲ. ನೀನು ಬಾಯಿ ಮುಚ್ಕೊಂಡ್ರೆ ಸಾಕು."

ವಿಚಾರಣೆ ಮುಗಿಯುವವರೆಗೆ ಬಸ್ಯೂನಿ ಬಾಯಿ ಮುಚ್ಚಿಕೊಂಡೇ ಇದ್ದ. ಆ ದಿನಗಳಲ್ಲಿ ನೈಲ್ ನದಿ ಹಿಮ್ಮುಖವಾಗಿ ಹರಿಯಿತು, ಕತ್ತೆಗಳು ಮೌನವ್ರತ ಹಿಡಿದವು ಎಂದು ಆಮೇಲೆ ಅವನೇ ಹೇಳಿಕೊಂಡ.

ರಿಫ್‌ಅತ್ ಆಯ್ಕೆಯಾದ. ಕೆಂಪು ಹಸಿರು ಪಟ್ಟಿ ಹೆಗಲಿಗೆ ಹಾಕಿಕೊಂಡು ದೂರದ ದಕ್ಷಿಣದ ಊರಿಗೆ ಹೋದ. ಕಬ್ಬಿನ ಗದ್ದೆಯಲ್ಲಿ ಬಿದ್ದ ಹೆಣಗಳನ್ನು ನೋಡಿ ವರದಿ ಬರೆಸುವುದು, ಬಾಯಿ ಬಿಡದ ಸಾಕ್ಷಿಗಳ ಬಾಯಿ ಬಿಡಿಸುವುದು ಅವನ ಕೆಲಸವಾಯಿತು. ಬಸ್ಯೂನಿಯ ಬಾಯಲ್ಲಿ ಹೆಣಗಳೇ ಎದ್ದು ನಿಂತು ಅವನಿಗೆ ಸಾಕ್ಷಿ ಹೇಳಿ ಮತ್ತೆ ಮಲಗುತ್ತಿದ್ದವು. ಆಮೇಲೆ ಅವನು ಸಣ್ಣಪುಟ್ಟ ಹೊಡೆದಾಟಗಳ ಕೋರ್ಟಿನ ನ್ಯಾಯಾಧೀಶನಾದ. ಆಮೇಲೆ ಗಂಡ ಹೆಂಡಿರ ಜಗಳದ ಕೋರ್ಟು. ಆಮೇಲೆ ಜಿಲ್ಲೆಯ ದೊಡ್ಡ ಕೋರ್ಟು. ಕೊನೆಗೆ ಇಬ್ಬರು ನ್ಯಾಯಾಧೀಶರನ್ನು ಎಡಬಲಕ್ಕೆ ಕೂರಿಸಿಕೊಂಡು, ಹಸಿರು ಪಟ್ಟಿ ಹಾಕಿಕೊಂಡು, ಕೊಲೆ ಮೊಕದ್ದಮೆಗಳನ್ನು ಕೇಳುವ ಪೀಠದ ಅಧ್ಯಕ್ಷನಾದ. ಕೂದಲೆಲ್ಲ ಬೆಳ್ಳಗಾಗುವ ಹೊತ್ತಿಗೆ ಆ ಎತ್ತರ ಸಿಕ್ಕಿತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಪಥ್ಯ ಇತ್ತು. ಕಾಫಿ ಅಂಗಡಿಯಲ್ಲಿ ಕೂರುವಂತಿಲ್ಲ. ಯಾರದೋ ಮದುವೆಯಲ್ಲಿ ಉಣ್ಣುವಂತಿಲ್ಲ. ಹುಟ್ಟಿದ ಊರಲ್ಲಿ ಸುಳಿದಾಡುವಂತಿಲ್ಲ. ಊರಿನವರು ಕೊಟ್ಟದ್ದನ್ನು ತೆಗೆದುಕೊಳ್ಳುವಂತಿಲ್ಲ.

ಒಂದು ಹಬ್ಬಕ್ಕೆ ಬಸ್ಯೂನಿ ಅತ್ಯುತ್ತಮ ಮೀನುಗಳನ್ನು ಆರಿಸಿ ಡಬ್ಬಿ ತುಂಬಿಸಿ ಬಾಡಿಗೆ ಕಾರಿನಲ್ಲಿ ಅವನಿದ್ದ ಊರಿಗೆ ಕಳಿಸಿದ. ಡಬ್ಬಿ ಅದೇ ಕಾರಿನಲ್ಲಿ ವಾಪಸು ಬಂತು.

"ಏನಂದ್ರು ಸಾಹೇಬ್ರು?" ಎಂದು ಶಲಬಿ ಕೇಳಿದ.

"ಏನಂತಾರೆ! ನಿಂತಲ್ಲೇ ಖಾಲಿ ಮಾಡಿ ಡಬ್ಬಿ ವಾಪಸ್ ಕಳಿಸಿದಾರೆ. ಡಬ್ಬಿ ನೆಕ್ಕಿಬಿಟ್ಟಿದಾರೆ ಕಣೋ, ತೊಳೆಯೋ ಕೆಲಸಾನೇ ಇಲ್ಲ."

ಡಬ್ಬಿಯ ಮೊಹರು ಒಡೆದಿರಲಿಲ್ಲ. ಬಸ್ಯೂನಿ ಅಂಗಡಿಯ ಹಿಂದೆ ಕೂತು ಅಷ್ಟೂ ಮೀನನ್ನು ಒಬ್ಬನೇ ತಿಂದ. ಹೆಂಡತಿ ಬಂದು ನೋಡಿದಾಗ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಖಾರ ಎಂದ. ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲ.

ನಬವಿಯ್ಯ ತೀರಿಕೊಂಡಾಗ ಮಾತ್ರ ರಿಫ್‌ಅತ್ ಬಂದ. ಸಂತಾಪಕ್ಕೆ ಹಾಕಿದ ಡೇರೆಯಲ್ಲಿ, ಬಂದವರ ಕೈ ಹಿಡಿಯುವ ಮಕ್ಕಳ ಸಾಲಿನ ಕೊಟ್ಟಕೊನೆಗೆ ತಲೆ ತಗ್ಗಿಸಿ ನಿಂತ. ಇವನು ಯಾರೆಂದು ಯಾರೂ ಕೇಳಲಿಲ್ಲ. ಕುರಾನ್ ಓದುವವನು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ಹೊರಟುಹೋದ. ಮಾರನೆಯ ದಿನದಿಂದ ಬಸ್ಯೂನಿಯ ಕಥೆಯಲ್ಲಿ ಆ ಡೇರೆಗೆ ನಾಲ್ಕು ಮಂತ್ರಿಗಳೂ ಒಂದು ಸೇನಾ ಬ್ಯಾಂಡೂ ಬಂದು ಸೇರಿಕೊಂಡವು. ಸಾಲಿನ ಕೊನೆಯಲ್ಲಿ ನಿಂತು ಆ ಮನುಷ್ಯ ಅತ್ತದ್ದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಇಷ್ಟೆಲ್ಲ ಆಗಿ ವರ್ಷಗಳ ಮೇಲೆ, ನಿವೃತ್ತಿ ಹತ್ತಿರ ಬಂದಾಗ, ರಿಫ್‌ಅತ್‌ನ ಪೀಠ ನದಿಯಾಚೆಯ ನಗರದ ನ್ಯಾಯಾಲಯಕ್ಕೆ ಬಂತು. ಅದೇ ಚಳಿಗಾಲದಲ್ಲಿ ಬಸ್ಯೂನಿಯ ಮಗ ರಜಬ್ ಮನುಷ್ಯನೊಬ್ಬನನ್ನು ಕೊಂದ.

ಐದು ಹೆಣ್ಣುಮಕ್ಕಳ ನಂತರ ಹುಟ್ಟಿದವನು ರಜಬ್. ಮೀನು ಮಾರುಕಟ್ಟೆಯ ಬಾಯಲ್ಲಿ ಗಾಡಿ ನಿಲ್ಲಿಸುವ ವಿಷಯಕ್ಕೆ ಹಿಲಾಲ್ ಎಂಬ ಚಾಲಕನೊಡನೆ ಮಾತಿಗೆ ಮಾತು ಬೆಳೆಯಿತು. ಹಿಲಾಲ್ ಮೊದಲು ಕೆನ್ನೆಗೆ ಬಾರಿಸಿದ. ಮೀನು ಸೀಳುವ ಚೂರಿ ಹೊರಬಂತು. ಹಿಲಾಲ್ ಐಸಿನ ರಾಶಿಯ ಮೇಲೆ ಬಿದ್ದ; ಬೆಳ್ಳಗಿನ ಐಸು ಕೆಂಪಾದದ್ದನ್ನು ಇಡೀ ಮಾರುಕಟ್ಟೆ ನೋಡಿತು.

ಕೊಲೆ ಆದದ್ದರಲ್ಲಿ ತಕರಾರಿಲ್ಲ. ತಕರಾರು ಇದ್ದದ್ದು ಚೂರಿ ಎಲ್ಲಿತ್ತು ಎಂಬುದರಲ್ಲಿ. ಎಂದಿನಂತೆ ಸೊಂಟದಲ್ಲೇ ಇತ್ತು ಎಂದು ರಜಬ್ ಹೇಳಿದ. ಹಾಗಿದ್ದರೆ ಕ್ಷಣದ ಕೋಪ, ವರ್ಷಗಳ ಜೈಲು. ಅಂಗಡಿಗೆ ಹೋಗಿ ತಂದ ಎಂದು ಅಭಿಯೋಜಕರು ಹೇಳಿದರು. ಹಾಗಿದ್ದರೆ ಮೊದಲೇ ಯೋಚಿಸಿ ಮಾಡಿದ ಕೊಲೆ, ನೇಣು. ಅಂಗಡಿಗೂ ಐಸಿನ ರಾಶಿಗೂ ನಡುವಿನ ಆ ನಾಲ್ಕು ಹೆಜ್ಜೆ ಜಾಗದಲ್ಲಿ ಹುಡುಗನ ಕುತ್ತಿಗೆ ತೂಗಾಡುತ್ತಿತ್ತು.

ರಜಬ್ ಪರ ವಕೀಲೆ ಅಫ್ಕಾರ್ ಮೇಡಂ ಸದಾ ನೆಗಡಿಯವರು, ಹಾಗಾಗಿ ಮೂಗು ಮುಚ್ಚಿಕೊಳ್ಳದೆ ಅಂಗಡಿಯೊಳಗೆ ಬಂದು ಕೂತ ಮೊದಲ ಓದಿದ ಹೆಂಗಸು.

"ಹಾಜಿ, ಮೊಕದ್ದಮೆ ರಿಫ್‌ಅತ್ ಸಾಹೇಬರ ಪೀಠಕ್ಕೆ ಬಂದಿದೆ."

ಬಸ್ಯೂನಿ ಎದ್ದು ಕುಣಿಯುವುದೊಂದು ಬಾಕಿ. "ಮುಗೀತು ಬಿಡಿ! ಅವರು ನನ್ನ..."

"ಆ ಮಾತು ಬಾಯಿಂದ ಹೊರಗೆ ಬಂದ್ರೆ ನಿಮ್ಮ ಮಗ ಸತ್ತ," ಎಂದರು ಅಫ್ಕಾರ್. "ಕೂತ್ಕೊಳಿ. ಅವರು ಕೈಬಿಡೋ ಮನುಷ್ಯ ಅಲ್ಲ, ಕೈಹಿಡಿಯೋ ಮನುಷ್ಯಾನೂ ಅಲ್ಲ. ಆದ್ರೆ ಓದ್ತಾರೆ. ಒಂದೊಂದು ಸಾಕ್ಷೀನೂ ಕರೆದು ಎಲ್ಲಿ ನಿಂತಿದ್ದೆ, ಏನು ಕಂಡೆ ಅಂತ ಕೇಳ್ತಾರೆ. ಹಾಗೆ ಕೇಳಿದ್ರೆ ಚೂರಿ ಸೊಂಟದಲ್ಲಿತ್ತು ಅಂತ ಗೊತ್ತಾಗತ್ತೆ. ನಂಗೆ ಬೇಕಾದ್ದು ಅಷ್ಟೇ."

"ಮತ್ತೆ ತೊಂದರೆ ಏನು?"

"ನೀವೇ ತೊಂದರೆ. ಹುಡುಗ ಅವರ ಹಾಲಿನ ಅಣ್ಣನ ಮಗ ಅನ್ನೋದು ಅವರ ಕಿವಿಗೆ ಬಿದ್ರೆ, ‘ಪೀಠಕ್ಕೆ ಮುಜುಗರ ಆಗಿದೆ’ ಅಂತ ಒಂದು ಸಾಲು ಬರೆಸಿ ಎದ್ದುಹೋಗ್ತಾರೆ. ಕಾನೂನು ಪುಸ್ತಕದಲ್ಲಿ ಹಾಲಿನ ನಂಟು ಇಲ್ಲ. ಆದ್ರೂ ಎದ್ದುಹೋಗ್ತಾರೆ, ಅಂಥ ಮನುಷ್ಯ. ಆಗ ಮೊಕದ್ದಮೆ ಇನ್ನೊಂದು ಪೀಠಕ್ಕೆ ಹೋಗತ್ತೆ. ಆ ಪೀಠದ ಸಾಹೇಬರಿಗೆ ನಾವು ವಕೀಲರು ಇಟ್ಟಿರೋ ಹೆಸರು ಏನು ಗೊತ್ತಾ? ಮುಫ್ತಿಗಳ ಅಂಚೆಯವ."

ಬಸ್ಯೂನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೇಣು ಹಾಕಬೇಕೆಂದು ಮನಸ್ಸು ಮಾಡಿದ ಪೀಠ ಕಾಗದಗಳನ್ನು ಮೊದಲು ಧರ್ಮಶಾಸ್ತ್ರದ ಹಿರಿಯರಾದ ಮುಫ್ತಿಗಳ ಅಭಿಪ್ರಾಯಕ್ಕೆ ಕಳಿಸುತ್ತದೆ. ಕಾಗದ ಅತ್ತ ಹೊರಟಿತು ಅಂದರೆ ತಾಯಂದಿರು ಬೀದಿಯಲ್ಲೇ ಕುಸಿಯುತ್ತಾರೆ.

"ಆದ್ರೆ ಇಡೀ ಊರಿಗೆ ಗೊತ್ತಲ್ಲ ಮೇಡಂ!"

"ಇಡೀ ಊರಿಗೆ ನೀವು ಮೊಸಳೆಗೆ ಹಲ್ಲು ಕಿತ್ತಿದ್ದೂ ಗೊತ್ತು. ಯಾರು ನಂಬಿದಾರೆ? ಕಡತದಲ್ಲಿರೋದು ನಿಮ್ಮ ಕಾಗದದ ಹೆಸರು, ಅಬ್ದುಲ್ ಮುಅತಿ. ಆ ಹೆಸರು ಅವರಿಗೆ ಗೊತ್ತಾ?"

ಗೊತ್ತಿರಲಿಲ್ಲ. ಮೊದಲೆರಡು ಕೂಸುಗಳು ಸತ್ತ ಮೇಲೆ ಹುಟ್ಟಿದ ಮಗನಿಗೆ ದೃಷ್ಟಿ ತಾಕದಿರಲೆಂದು ನಬವಿಯ್ಯ ಒಂದು ಹೆಸರು ಬರೆಸಿ ಇನ್ನೊಂದು ಹೆಸರಿನಿಂದ ಕರೆದಿದ್ದಳು. ಬರೆಸಿದ ಹೆಸರು ಬಸ್ಯೂನಿಗೇ ಅರ್ಧ ಮರೆತುಹೋಗಿತ್ತು.

"ನೀವು ಕೋರ್ಟಿಗೆ ಬರಕೂಡದು. ಅವರು ನಿಮ್ಮ ಮುಖ ನೋಡಕೂಡದು. ಮತ್ತೆ ಊರಲ್ಲಿ ಹೇಳಿ, ಹಾಲಿನ ಮಾತೂ ಸುಳ್ಳು ಅಂತ."

ಹಾಗಾಗಿ ಬಸ್ಯೂನಿ ಶಲಬಿಯ ಅಂಗಡಿಯ ನಡುವೆ ನಿಂತು, ಅರವತ್ತು ದಾಟಿದ ವಯಸ್ಸಿನಲ್ಲಿ, ತನ್ನ ಏಕೈಕ ನಿಜವನ್ನು ಸುಳ್ಳೆಂದು ಸಾರಿದ.

"ಬಾತು ಸುಳ್ಳು ಅಂತ ನಂಗೆ ಮೊದ್ಲೇ ಗೊತ್ತಿತ್ತು," ಎಂದ ಶಲಬಿ. "ಆದ್ರೆ ಹಾಲು... ನಮ್ಮಮ್ಮ ಹೇಳ್ತಿದ್ಲಲ್ಲ ಹಾಜಿ?"

"ನಿಮ್ಮಮ್ಮನಿಗೂ ನಾನೇ ಹೇಳಿದ್ದು."

ಶಲಬಿ ಅವನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಯಿತು. ಕಾಫಿ ತಂದಿಟ್ಟು, "ಸುಳ್ಳುಬುರುಕ," ಎಂದು ಮೆತ್ತಗೆ ಬೈದು ಹೋದ.

ಮೊದಲ ವಿಚಾರಣೆಯ ದಿನ ಬಸ್ಯೂನಿ ನ್ಯಾಯಾಲಯದ ಎದುರಿನ ರಸ್ತೆಯಲ್ಲಿ ಹುರಿದ ಬೀಜ ಮಾರುವವನ ಗಾಡಿಯ ಹಿಂದೆ ನಿಂತಿದ್ದ. ಒಳಗೆ ಆರೋಪಿಗಳನ್ನು ನಿಲ್ಲಿಸುವ ಕಬ್ಬಿಣದ ಪಂಜರದಿಂದ ರಜಬ್ ತಲೆ ತಿರುಗಿಸಿ ತಿರುಗಿಸಿ ಹುಡುಕಿದ ಎಂದು ಅಕ್ಕಂದಿರು ಅಳುತ್ತಾ ಬಂದು ಹೇಳಿದರು. ಎರಡನೇ ಸಲವೂ ಹಾಗೇ. ಜೈಲಿನ ಭೇಟಿಯಲ್ಲಿ ಹುಡುಗ ಮುಖ ಕೊಟ್ಟು ಮಾತಾಡಲಿಲ್ಲ.

"ಎಲ್ಲರ ಅಪ್ಪಂದಿರೂ ಬಂದಿದ್ರು. ನಿಂಗೆ ನಾಚಿಕೆ ಅಲ್ವಾ ನನ್ನ ನೋಡೋಕೆ?"

"ಅಲ್ಲ ಮಗನೇ. ಅಂಗಡಿಯಲ್ಲಿ... ಹಬ್ಬ ಹತ್ರ ಬಂತಲ್ಲ."

"ಹಬ್ಬ!" ಎಂದ ರಜಬ್.

ಕಾರಣ ಹೇಳಿದರೆ ಆ ಸೆಲ್ಲಿನಲ್ಲಿ ಅವನ ಜೊತೆಗಿದ್ದ ಅಷ್ಟೂ ಜನಕ್ಕೆ ಗೊತ್ತಾಗುತ್ತಿತ್ತು. ಬಸ್ಯೂನಿ ಹೇಳಲಿಲ್ಲ. ಒಣಗಿದ ನದಿಗಳನ್ನೆಲ್ಲ ತುಂಬಿಸುವಷ್ಟು ಮಾತು ಗಂಟಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ.

ಒಳಗೆ ಮಾತ್ರ ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ರಿಫ್‌ಅತ್ ಸಾಹೇಬರು ಐಸು ಮಾರುವವನನ್ನು ಕರೆದು, ರಜಬ್ ಅಂಗಡಿಯ ಕಡೆ ಹೋದದ್ದನ್ನು ನಿನ್ನ ಕಣ್ಣಾರೆ ಕಂಡೆಯಾ ಎಂದು ಕೇಳಿದರು. ಅವನು ತೊದಲಿದ. ಕಂಡವರು ಹೇಳಿದ್ದನ್ನು ಕೇಳಿದ್ದೆ ಎಂದ. "ಇನ್ನೊಂದೇ ಒಂದು ಸಾಕ್ಷಿ ಹಾಜಿ," ಎಂದು ಅಫ್ಕಾರ್ ಮೂಗು ಒರೆಸಿಕೊಳ್ಳುತ್ತಾ ಮೊದಲ ಸಲ ನಕ್ಕರು.

ವಸಂತದ ಹಬ್ಬದ ಹಿಂದಿನ ದಿನ ಅಂಗಡಿಯ ಮುಂದೆ ಜನಜಂಗುಳಿ. ಸೂಟು ಹಾಕಿದ ಒಬ್ಬ ಗಿರಾಕಿ ಮೀನು ತೂಗಿಸಿಕೊಂಡು, ನಾಲಗೆಗೆ ಹಚ್ಚಿ ನೋಡಿ, ತಲೆದೂಗಿದ.

"ಕೈ ಚೆನ್ನಾಗಿದೆ ಹಾಜಿ. ಪಾಪ, ಮಗನಿಗೆ ನೇಣು ಗ್ಯಾರಂಟಿ ಅಂತಿದಾರೆ ಜನ. ಇಷ್ಟು ಒಳ್ಳೆ ಅಂಗಡಿ, ಮುಂದೆ ನೋಡ್ಕೊಳ್ಳೋರು ಯಾರು?"

ಬಸ್ಯೂನಿಯ ಕೈಯಲ್ಲಿ ಮೀನಿತ್ತು. ಸುತ್ತ ಜನ ಇದ್ದರು. ತಿಂಗಳುಗಟ್ಟಲೆ ಉಪ್ಪು ಹಾಕಿ ಮುಚ್ಚಿಟ್ಟಿದ್ದ ಪೀಪಾಯಿಯ ಮುಚ್ಚಳ ತಾನೇ ಹಾರಿಹೋಯಿತು.

"ನೇಣಾ? ಯಾರಿಗೆ ನೇಣು? ನನ್ನ ಮಗ ಯಾರ ಕೈಯಲ್ಲಿದಾನೆ ಗೊತ್ತೇನ್ರೀ? ರಿಫ್‌ಅತ್ ಸಾಹೇಬರ ಕೈಯಲ್ಲಿ! ನನ್ನ ತಾಯಿ ಹಾಲು ಕುಡಿದು ಬೆಳೆದ ಮನುಷ್ಯ ಅವರು. ನಾನು ಎಡಕ್ಕೆ, ಅವರು ಬಲಕ್ಕೆ!"

ಶಲಬಿ ಎದುರಿನ ತನ್ನ ಅಂಗಡಿಯಿಂದ ಟ್ರೇ ಬಿಸಾಡಿ ಓಡಿಬಂದ. ತಡವಾಗಿತ್ತು. ಗಿರಾಕಿ ಮೀನನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಂಡು ಹೊರಟ. ಅವನು ಹಿಲಾಲ್ ಮನೆಯವರ ವಕೀಲ.

ಮುಂದಿನ ವಿಚಾರಣೆಯಲ್ಲಿ ಆ ವಕೀಲ ಎದ್ದು ನಿಂತು ಅಷ್ಟನ್ನೂ ಹೇಳಿದ. ಪೀಠದ ಅಧ್ಯಕ್ಷರು ಕಡತದ ಮೊದಲ ಹಾಳೆಗೆ ತಿರುಗಿಸಿದರು. ಆಮೇಲೆ, "ಆರೋಪಿಯ ತಂದೆಯನ್ನು ಕರೆಯಿರಿ," ಎಂದರು.

ಬೀಜದ ಗಾಡಿಯ ಹಿಂದಿನಿಂದ ಬಸ್ಯೂನಿಯನ್ನು ಎಳೆದು ತಂದರು. ಅವನು ಬಾಗಿಲು ದಾಟಿದ್ದೇ ಪಂಜರದ ಸರಳುಗಳಿಗೆ ರಜಬ್ ಮುಖ ಒತ್ತಿ, "ಅಪ್ಪಾ!" ಎಂದ. ಎಷ್ಟು ಸಂತೋಷದಿಂದ ಎಂದನೆಂದರೆ, ಬಸ್ಯೂನಿಗೆ ನೆಲ ಕಾಣಲಿಲ್ಲ.

"ಹೆಸರು?" ಎಂದರು ನ್ಯಾಯಾಧೀಶರು.

"ಅಬ್ದುಲ್ ಮುಅತಿ, ಸ್ವಾಮಿ."

"ಜನ ಕರೆಯೋ ಹೆಸರು?"

ಸುಳ್ಳು ಹೇಳೋಣವೆಂದರೆ ಇಡೀ ಊರೇ ಬೆಂಚುಗಳಲ್ಲಿ ಕೂತಿತ್ತು. "ಬಸ್ಯೂನಿ."

ನ್ಯಾಯಾಧೀಶರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

"ನೀವು ಪೀಠದ ಅಧ್ಯಕ್ಷರಿಗೆ ಹಾಲಿನ ನಂಟಿನವರು ಅಂತ ಹೇಳಿಕೊಂಡಿದ್ದೀರಂತೆ. ನಿಜವೇ?"

"ಸುಳ್ಳು ಸ್ವಾಮಿ! ಶುದ್ಧ ಸುಳ್ಳು. ನನ್ನ ಬಾಯಿ ಅಂಥದ್ದು. ನಾನು ಮೊಸಳೆ ಹಲ್ಲು ಕಿತ್ತಿದೀನಿ ಅಂದಿದೀನಿ, ನೈಲ್ ನದಿ ಕುಡಿದು ಖಾಲಿ ಮಾಡಿದೀನಿ ಅಂದಿದೀನಿ. ಯಾರನ್ನ ಬೇಕಾದ್ರೂ ಕೇಳಿ."

"ನಿಜ ಸ್ವಾಮಿ," ಎಂದು ಹಿಂದಿನ ಬೆಂಚಿನಿಂದ ಶಲಬಿ ಎದ್ದ. "ಇವನ ಬಾಯಲ್ಲಿ ನಿಜ ಬಂದಿದ್ದು ನಬರೋದಲ್ಲಿ ಯಾರೂ ಕಂಡಿಲ್ಲ. ಹೆಸರು ಹೇಳಿದ್ರೂ ಒಂದ್ಸಲ ಕಾಗದ ನೋಡ್ಕೊಳೋದು ಒಳ್ಳೇದು."

ಕೋರ್ಟು ನಕ್ಕಿತು. ಪೊಲೀಸರು ನಕ್ಕರು. ಎಡಬಲದ ನ್ಯಾಯಾಧೀಶರಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದರು. ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಎದ್ದಳು, ಹಿಲಾಲನ ತಾಯಿ.

"ನನ್ನ ಮಗ ಸತ್ತಿದ್ದು ಸುಳ್ಳಲ್ಲ ಸ್ವಾಮಿ," ಎಂದಳು. ಅಷ್ಟು ಹೇಳಿ ಕೂತಳು.

ನಗು ನಿಂತಿತು. ರಿಫ್‌ಅತ್ ಸಾಹೇಬರು ಅವಳನ್ನು ನೋಡಿದರು, ಪಂಜರವನ್ನು ನೋಡಿದರು.

"ನಿಮ್ಮ ತಾಯಿಯ ಹೆಸರೇನು?"

"ಝಕಿಯ್ಯ," ಎಂದ ಬಸ್ಯೂನಿ ತಡವರಿಸದೆ. ಅಂಥ ಚೊಕ್ಕ ಸುಳ್ಳನ್ನು ಅವನು ಜನ್ಮದಲ್ಲಿ ಹೇಳಿರಲಿಲ್ಲ.

"ಎಲ್ಲಿ ಮಣ್ಣು ಮಾಡಿದ್ದೀರಿ?"

"ನಮ್ಮೂರಲ್ಲೇ, ಸ್ವಾಮಿ."

"ಖಬರಸ್ಥಾನದ ಬಾಗಿಲಿನ ಎಡಕ್ಕೆ, ನೀಲಿ ಬಣ್ಣ ಬಳಿದ ಗೋರಿ," ಎಂದರು ನ್ಯಾಯಾಧೀಶರು. ದನಿ ಪೀಠದಿಂದ ಬರುವ ದನಿಯಂತಿರಲಿಲ್ಲ. "ಪ್ರತಿ ವರ್ಷ ಈದ್ ಮುಗಿದ ಮೇಲೆ, ಜನ ಇಲ್ಲದಾಗ, ಅಲ್ಲಿಗೆ ಹೋಗಿ ಫಾತಿಹಾ ಓದಿ ಬರ್ತೀನಿ. ಅಲ್ಲಿ ಝಕಿಯ್ಯ ಅಂತ ಇಲ್ಲ."

ಗೋರಿಯ ಮೇಲೆ ಯಾರೋ ಇಟ್ಟುಹೋದ ಹಸಿ ಖರ್ಜೂರದ ಗರಿಗಳನ್ನು ಬಸ್ಯೂನಿ ಎಷ್ಟೋ ಸಲ ಕಂಡಿದ್ದ. ತಂಗಿಯರು ಇಟ್ಟಿರಬೇಕೆಂದುಕೊಂಡಿದ್ದ. ನ್ಯಾಯಾಧೀಶರ ಪ್ರೀತಿಯ ಬಗ್ಗೆ ಜೀವಮಾನವಿಡೀ ಬಡಾಯಿ ಕೊಚ್ಚಿದವನಿಗೆ ಇದು ಮಾತ್ರ ಗೊತ್ತಿರಲಿಲ್ಲ.

"ಕಡತದಲ್ಲಿ ನಬರೋ ಅಂತ ಕಂಡಿದ್ದೆ, ಮೀನಿನ ಅಂಗಡಿ ಅಂತಾನೂ ಕಂಡಿದ್ದೆ," ಎಂದರು ರಿಫ್‌ಅತ್, ಇನ್ನೂ ಸಣ್ಣ ದನಿಯಲ್ಲಿ. "ಯಾರ ಮಗ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಈಗ ಕೇಳ್ತಿದೀನಿ. ನಿನ್ನ ತಾಯಿಯ ಹೆಸರೇನು?"

ಅಫ್ಕಾರ್ ಕಣ್ಣು ಮುಚ್ಚಿಕೊಂಡರು. ಬಸ್ಯೂನಿಗೆ ನೂರು ಹೆಸರು ಬಾಯಿಗೆ ಬಂದವು. ಎದುರಿಗಿದ್ದ ಆ ಬಿಳಿಕೂದಲಿನ ಮುದುಕನ ಮುಖ ನೋಡುತ್ತಾ ಒಂದನ್ನೂ ಹೇಳಲಾಗಲಿಲ್ಲ.

"ನಬವಿಯ್ಯ," ಎಂದ. "ನಬವಿಯ್ಯ, ಸ್ವಾಮಿ. ಅವಳೇ ನಮ್ಮಿಬ್ರಿಗೂ ಹಾಲು ಕೊಟ್ಟಿದ್ದು. ಆದ್ರೆ ಹುಡುಗ ಚೂರಿ ತರೋಕೆ ಹೋಗಿರ್ಲಿಲ್ಲ. ಸೊಂಟದಲ್ಲೇ ಇತ್ತು. ಎದ್ದುಹೋಗ್ಬೇಡಿ. ನಿಮ್ಮ ಕಾಲು ಹಿಡೀತೀನಿ, ಎದ್ದುಹೋಗ್ಬೇಡಿ."

ರಿಫ್‌ಅತ್ ಸಾಹೇಬರು ಗುಮಾಸ್ತನ ಕಡೆ ತಿರುಗಿ ನಿಧಾನವಾಗಿ ಹೇಳಿ ಬರೆಸಿದರು: ಈ ಮೊಕದ್ದಮೆಯನ್ನು ಕೇಳಲು ಪೀಠಕ್ಕೆ ಮುಜುಗರವಾಗಿದೆ, ಇದನ್ನು ಇನ್ನೊಂದು ಪೀಠಕ್ಕೆ ವಹಿಸಲು ಕಳಿಸತಕ್ಕದ್ದು. ಅವರ ಹಿಂದಿನ ಬಾಗಿಲು ತೆರೆಯಿತು. ಎದ್ದವರು ಒಮ್ಮೆ ಮೇಜು ಹಿಡಿದು ನಿಂತರು, ಆಮೇಲೆ ಒಳಗೆ ಹೋದರು. ಬಾಗಿಲು ಮುಚ್ಚಿತು.

ಜನ ಕರಗಿದರು. ಹುಡುಗನನ್ನು ಕರೆದೊಯ್ಯುವ ಮುನ್ನ ಪೊಲೀಸನೊಬ್ಬ ಬಸ್ಯೂನಿಗೆ ಪಂಜರದ ಹತ್ತಿರ ಹೋಗಲು ಬಿಟ್ಟ. ರಜಬ್ ಸರಳುಗಳ ನಡುವಿನಿಂದ ಅಪ್ಪನ ತೋಳು ಹಿಡಿದುಕೊಂಡ.

"ಅದಕ್ಕೇನಾ ನೀನು ಕೋರ್ಟಿಗೆ ಬರ್ದೇ ಇದ್ದಿದ್ದು? ಅವರು ನಿನ್ನ ನೋಡ್ಬಾರದು ಅಂತ?"

"ಹೂಂ."

"ನಾನು ನಿನ್ನ ಏನೇನೋ ಅಂದೆ."

"ಅನ್ನು. ಅನ್ನಬೇಕಾದ್ದೇ."

"ಹಾಲಿನ ಮಾತು ನಿಜಾನೇನಾ ಅಪ್ಪಾ?"

"ನಿಜ."

ಬೇಡಿ ಸದ್ದಾಯಿತು; ಪೊಲೀಸ ಗಡಿಯಾರ ನೋಡಿಕೊಳ್ಳುತ್ತಿದ್ದ. ರಜಬ್ ನಗಲು ಪ್ರಯತ್ನಿಸಿದ, ಚಿಕ್ಕಂದಿನಲ್ಲಿ ಕಥೆ ಕೇಳಲು ಕೂರುವಾಗ ನಗುತ್ತಿದ್ದ ಹಾಗೆ.

"ಮತ್ತೆ ಆ ಇನ್ನೊಂದು ಪೀಠದ ಸಾಹೇಬ್ರು? ಅವರೂ ನಿಂಗೆ ಗೊತ್ತಿರ್ಬೇಕಲ್ಲ. ನಿನ್ನ ಮೀನು ತಿಂದಿರ್ತಾರೆ. ನಿನ್ನ ಹೆಗಲ ಮೇಲೆ ಕೂತು ನದಿ ದಾಟಿರ್ತಾರೆ. ಹೇಳಪ್ಪಾ. ಗೊತ್ತಲ್ವಾ?"

ಬಸ್ಯೂನಿ ಬಾಯಿ ತೆರೆದ. ಆ ಸಾಹೇಬರ ಅಜ್ಜನ ಕಾಲದಿಂದ ಕಥೆ ಹೇಳಬಲ್ಲವನು ಅವನು.

"ಇಲ್ಲ ಮಗನೇ," ಎಂದ. "ಅವರನ್ನ ನಾನು ನೋಡೇ ಇಲ್ಲ. ನಂಗೆ ಯಾರೂ ಗೊತ್ತಿಲ್ಲ."